ಸ್ಮೆಲ್ಟ್ ಹಡಗಿನ ಖಂಡೇಪೂಜೆ

ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಕಲ್ಲಿನಾಥರಿಗೆ ಅದೊಂದು ಫಜೀತಿ. ಡೆಟ್ರಾಯಿಟ್ ಬಳಿಯ ಲಿವೋನಿಯಾದ ಕನ್ನಡದವರ ಮನೆಗಳಲ್ಲಿ, ಎಲ್ಲರೂ ಒಂದೊಂದು ಅಡಿಗೆ ತರುವ ಪಾಟ್‌ಲಕ್ ಊಟಕ್ಕೆ ಕೂತಾಗ ಒಬ್ಬರ ಮಗ ಹಾರ್ಟ್ ಡಾಕ್ಟರು, ಇನ್ನೊಬ್ಬರ ಮಗಳು ಲಾಯರು, ಮತ್ತೊಬ್ಬರ ಸೊಸೆಗೆ ಎರಡೆರಡು ಎಂಬಿಎ. ಅಂಥವರ ನಡುವೆ ಕೂತು "ನಮ್ಮ ಶರಣ್ಯಾ ಒಂದು ಸಬ್‌ಮರೀನ್ ಕಾಯ್ಕೋತ ಕುಂತಾಳ್ರೀ" ಎಂದು ಹೇಳುವುದು ಹೇಗೆ? ಹೇಳಿದರೆ ಮುಂದಿನ ಪ್ರಶ್ನೆಗಳು ತಪ್ಪಿದ್ದಲ್ಲ. ನೇವಿಯೊಳಗ ಅದಾಳೇನ್ರಿ? ಇಲ್ಲ. ಎಂಜಿನಿಯರ್ ಏನ್ರಿ? ಅಲ್ಲ. ಮತ್ತೇನ್ ಮಾಡ್ತಾಳ್ರಿ? ಟಿಕೆಟ್ ಕೊಡ್ತಾಳ, ತುಕ್ಕು ಕೆರೀತಾಳ, ಸಾಲಿ ಹುಡುಗರಿಗೆ ಕತಿ ಹೇಳ್ತಾಳ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಕಲ್ಲಿನಾಥರ ತಟ್ಟೆಯ ಎಣ್ಣೆಗಾಯಿ ತಣ್ಣಗಾಗಿರುತ್ತಿತ್ತು.

ಅದೂ ಎಂಥ ಸಬ್‌ಮರೀನು ಅಂತೀರಿ! ಡೆಟ್ರಾಯಿಟ್ ನದಿಯ ಕೆಳದಂಡೆಯಲ್ಲಿ, ಹಳೆಯ ಉಕ್ಕಿನ ಕಾರ್ಖಾನೆಯ ಬಯಲಿನಾಚೆ, ಮರದ ಹಲಗೆಯ ತೇಲುಗಟ್ಟೆಗೆ ಸರಪಳಿ ಬಿಗಿದು ನಿಲ್ಲಿಸಿದ್ದ ಗಿಡ್ಡ ಹಡಗು. ಹೆಸರು ಸ್ಮೆಲ್ಟ್. ಏಪ್ರಿಲ್ ಬಂತೆಂದರೆ ಮಿಶಿಗನ್ನಿನ ಜನ ಬಲೆ, ಬಕೆಟ್ಟು ಹಿಡಿದು ಹಳ್ಳಕ್ಕಿಳಿದು ಬಾಚಿಕೊಳ್ಳುವ ಗೇಣುದ್ದದ ಮೀನಿನ ಹೆಸರದು. ಬೇರೆ ಊರುಗಳಲ್ಲಿ ಪ್ರದರ್ಶನಕ್ಕಿಟ್ಟ ಸಬ್‌ಮರೀನುಗಳ ಮುಂದೆ ಅವು ಮುಳುಗಿಸಿದ ಶತ್ರು ಹಡಗುಗಳ ಹೆಸರು ಕೆತ್ತಿರುತ್ತಾರೆ. ಸ್ಮೆಲ್ಟ್ ಒಂದು ಡೋಣಿಯನ್ನೂ ಮುಳುಗಿಸಿದ್ದಲ್ಲ, ಯುದ್ಧದ ಮುಖ ಕಂಡದ್ದೇ ಅಲ್ಲ. ಅದು ತರಬೇತಿಯ ಹಡಗು. ಅಡಗುವುದು, ಸಿಕ್ಕಿಬೀಳುವುದು, ಇಷ್ಟೇ ಅದರ ಕೆಲಸವಾಗಿತ್ತು.

"ಯುದ್ಧಕ್ಕ ಹೋಗದ ಹಡಗಿಗೆ ಮ್ಯೂಸಿಯಂ ಯಾಕವಾ?" ಎಂದು ಕಲ್ಲಿನಾಥರು ಮಗಳಿಗೆ ಕೇಳದ ಹಬ್ಬವಿರಲಿಲ್ಲ. ಶರಣ್ಯಾ ನಕ್ಕು "ಯೂ ವೋಂಟ್ ಗೆಟ್ ಇಟ್, ಅಪ್ಪಾ" ಎಂದು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದಳು. ಕಲ್ಲಿನಾಥರ ಗೆಳೆಯ ಮಲ್ಲಪ್ಪನ ಅಳಿಯ ಸುದೀಪ್ ಶಿಕಾಗೋ ಕಡೆ ಓಕ್ ಬ್ರೂಕಿನಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದ. ಶರಣ್ಯಾ ಹೂಂ ಅಂದರೆ ಸಾಕು, ಅಲ್ಲಿ ಒಂದು ಕುರ್ಚಿ ಕಾಯ್ದಿಟ್ಟ ಹಾಗೆಯೇ ಇತ್ತು. ಆಕೆ ಹೂಂ ಅನ್ನಲಿಲ್ಲ. ಕಲ್ಲಿನಾಥರು ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಎಳೆದುಕೊಂಡು, "ಶಿವನೇ, ಆ ತುಕ್ಕಿನ ಡಬ್ಬಿಯಿಂದ ನನ್ನ ಕೂಸನ್ನ ಹೊರಗ ತಾ" ಎಂದು ಬೇಡಿಕೊಳ್ಳುತ್ತಿದ್ದರು. ಮನಸ್ಸಿಟ್ಟು ಬೇಡಿಕೊಳ್ಳುತ್ತಿದ್ದರು, ಅದೇ ಮುಂದೆ ಅವರನ್ನು ಹಿಂಡಿದ್ದು.

ಅವರ ಮನಸ್ಸು ತಿರುಗಿದ್ದು ಆಗಸ್ಟಿನಲ್ಲಿ. ಪ್ರಭಾವತಿ ರೊಟ್ಟಿ, ಝುಣಕದ ಡಬ್ಬಿ ಕಟ್ಟಿಕೊಟ್ಟು, "ಕೂಸು ಮುಂಜಾನೆ ಏನೂ ತಿನ್ನದ ಹೋಗೇತ್ರಿ, ಕೊಟ್ಟು ಬರ್ರಿ" ಎಂದು ಗಂಡನನ್ನು ಅಟ್ಟಿದ್ದಳು. ರಿಟೈರ್ ಆದ ಗಂಡಸಿಗೆ ಬೇರೆ ಕೆಲಸವೇನು? ಹೋದರು. ಶರಣ್ಯಾ ಹಡಗಿನೊಳಗೆ ಒಂದು ಗುಂಪಿಗೆ ತೋರಿಸುತ್ತ ನಿಂತಿದ್ದಳು. ಕಲ್ಲಿನಾಥರು ಏಣಿಯಿಳಿದು, ಆ ಇಕ್ಕಟ್ಟಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು, ಡಬ್ಬಿ ಎದೆಗವಚಿ ಹಿಂದೆ ನಿಂತರು. ಮಗಳು ಕೆಲಸ ಮಾಡುವುದನ್ನು ಅವರು ನೋಡಿದ್ದು ಅದೇ ಮೊದಲು.

ಆಕೆ ಸ್ಮೆಲ್ಟ್‌ನ ಚರಿತ್ರೆ ಹೇಳುತ್ತಿದ್ದಳು. ಐವತ್ತರ ದಶಕದ ಮೊದಲಲ್ಲಿ ಅದು ನೀರಿಗಿಳಿಯಿತು. ಫ್ಲಾರಿಡಾದ ತುದಿಯ ಬಂದರಿನಲ್ಲಿ ಅದರ ಸಂಸಾರ. ಬೆಳಿಗ್ಗೆ ಎದ್ದು ಸಮುದ್ರಕ್ಕೆ ಹೋಗಿ ಮುಳುಗುವುದು. ಮೇಲೆ ಹೊಸದಾಗಿ ಸೇರಿದ ನಾವಿಕರು ದೊಡ್ಡ ಹಡಗುಗಳಲ್ಲಿ ಕೂತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಅದನ್ನು ಹುಡುಕುವುದು. ಕಂಡಿತೆಂದರೆ ಕೈಗುಂಡು ಎಸೆಯುತ್ತಿದ್ದರು, ಅಭ್ಯಾಸದ ಪುಟ್ಟ ಗುಂಡು. ಹಡಗಿನ ಮೈಗೆ ಅದು ಟಪ್ ಎಂದು ಬಡಿದದ್ದು ಒಳಗಿನವರಿಗೆ ಕೇಳಿಸಬೇಕು. ಕೇಳಿಸಿದರೆ ಒಳಗಿನವರು ಬಣ್ಣದ ಹೊಗೆ ಬಿಡಬೇಕು. ಸರಿಯಾಗಿ ಹೊಡೆದೆ ಮಗನೇ, ಸಿಕ್ಕಿದೆ ನಾನು, ಎಂದು ಅದರರ್ಥ. ಊಟದ ಹೊತ್ತಿಗೆ ಮೇಲೆ ಬಂದು, ಉಂಡು, ಮತ್ತೆ ಮುಳುಗಿ ಮತ್ತೆ ಸಿಕ್ಕಿಬೀಳುವುದು. ವರ್ಷಗಟ್ಟಲೆ ಇದೇ ದಂಧೆ.

ಮುದಿಯಾದ ಮೇಲೆ ಅದನ್ನು ಈ ದೊಡ್ಡ ಸರೋವರಗಳ ಕಡೆ ಎಳೆತಂದರಂತೆ. ಪ್ರೊಪೆಲರ್ ಕಿತ್ತರು, ಬ್ಯಾಟರಿ ತೆಗೆದರು, ದಂಡೆಗೆ ಕಟ್ಟಿದರು. ಶಿಕಾಗೋ, ಡೆಟ್ರಾಯಿಟ್ ಕಡೆಯ ಹುಡುಗರು ಶನಿವಾರ ಬಂದು ಅದರಲ್ಲಿ ಕಲಿಯುತ್ತಿದ್ದರು. ಅಧಿಕಾರಿ 'ಡೈವ್' ಎಂದು ಕೂಗುವುದು, ಹುಡುಗರು ಚಕ್ರ ತಿರುಗಿಸುವುದು, ಒಬ್ಬ ಮೂಲೆಯಲ್ಲಿ ಕೂತು ಆಳ ತೋರಿಸುವ ಮುಳ್ಳನ್ನು ಕೈಯಿಂದ ಸರಿಸುವುದು. ಹಡಗು ನಿಂತಲ್ಲೇ ಇರುತ್ತಿತ್ತು. ಆದರೆ ಹುಡುಗರ ಬೆನ್ನು ಮಾತ್ರ ಬೆವರಿನಿಂದ ತೊಯ್ದುಹೋಗುತ್ತಿತ್ತು.

ಅಲ್ಲೇ ಒಬ್ಬ ಮುದುಕ ನಿಂತಿದ್ದ. ವಾಲ್ಟ್ ಎಂದು ಹೆಸರು, ಗುರುವಾರಕ್ಕೊಮ್ಮೆ ಬಂದು ಹಿತ್ತಾಳೆ ತಿಕ್ಕಿ ಹೋಗುವವನು. ಮುಳ್ಳು ಸರಿಸುತ್ತಿದ್ದವನು ತಾನೇ ಎಂದು ಕೈ ಎತ್ತಿದ. ಶರಣ್ಯಾ ಆ ಸಾವಿರ ಸಲ ಹೇಳಿದ ಕತೆಯನ್ನು ಅವನಿಗಾಗಿಯೇ ಮೊದಲ ಸಲ ಹೇಳುತ್ತಿರುವಂತೆ, ಅವನ ತೋಳು ಹಿಡಿದು, "ಈ ಹಡಗು ಯಾರನ್ನೂ ಕೊಲ್ಲಲಿಲ್ಲ, ಇದನ್ನು ಹುಡುಕಿ ಕಲಿತವರು ಮನೆಗೆ ವಾಪಸ್ ಬಂದರು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮುದುಕನ ಕಣ್ಣು ತುಂಬಿತು. ಕಲ್ಲಿನಾಥರದೂ ತುಂಬಿತು. ಇಷ್ಟು ದಿನ ನನ್ನ ಕೂಸಿನ ಕೆಲಸವನ್ನು ಹೀಗಳೆದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ರೊಟ್ಟಿಯ ಡಬ್ಬಿ ಕೊಟ್ಟು ಮನೆಗೆ ಬಂದರು.

ಆದರೆ ಅವರು ಒಲಿಯುವ ಹೊತ್ತಿಗೆ ಹಡಗಿನ ಗ್ರಹಚಾರ ಕೆಟ್ಟಿತ್ತು. ದಂಡೆ ಊರ ಆಡಳಿತದ್ದು. ಚಳಿಗಾಲದ ಹಿಮಗಡ್ಡೆ ಕಟ್ಟುವುದರೊಳಗೆ ಹಡಗನ್ನು ಡ್ರೈ ಡಾಕಿನ ಒಣಕಟ್ಟೆಗೆ ಏರಿಸಿ ರಿಪೇರಿ ಮಾಡಿಸಿ, ಇಲ್ಲವೇ ತೆಗೆಯಿರಿ ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ರಿಪೇರಿಗೆ ಅನುದಾನ ಸಿಕ್ಕಿತ್ತು. ಒಂದೇ ಒಂದು ಷರತ್ತು: ಸರ್ವೇಯರ್ ಬಂದು ನೋಡಿ, ಇದು ಆ ಕಟ್ಟೆಯಿರುವ ಟೊಲೀಡೊವರೆಗೆ ನೀರಿನ ಮೇಲೆ ಎಳೆಸಿಕೊಂಡು ಹೋಗುವಷ್ಟು ಗಟ್ಟಿಯಿದೆ ಎನ್ನಬೇಕು. ಗಟ್ಟಿ ಎಂದರೆ ಹಡಗು ಉಳಿಯಿತು, ಶರಣ್ಯಾಳ ಕೆಲಸವೂ ಉಳಿಯಿತು. ಇಲ್ಲ ಎಂದರೆ ಗುಜರಿ. ಸರ್ವೇಯರ್ ಬರುವುದು ದಸರೆ ಮುಗಿದ ಮರುದಿನ ಎಂದು ನಿಕ್ಕಿಯಾಯಿತು.

ದಸರೆ ಎಂದದ್ದೇ ತಡ, ಕಲ್ಲಿನಾಥರ ತಲೆಯಲ್ಲಿ ದೀಪ ಹತ್ತಿತು. "ಖಂಡೇಪೂಜಿ ಮಾಡೂಣು" ಅಂದರು. "ಕಾರಿಗೆ ಮಾಡ್ತೀವಿ, ಮಿಕ್ಸರಿಗೆ ಮಾಡ್ತೀವಿ, ಮಲ್ಲಪ್ಪ ತನ್ನ ಲಾನ್‌ಮೂವರಿಗೆ ಸೈತ ಹಾರ ಹಾಕ್ತಾನ. ನಮ್ಮ ಶರಣ್ಯಾನ ಹಡಗು ಏನ್ ಪಾಪ ಮಾಡೇತಿ?"

ಫೋನಿನಾಚೆ ಹಡಗಿನಲ್ಲಿದ್ದ ಶರಣ್ಯಾಳಿಗೂ ಅದು ಕೇಳಿಸಿತು. "ರಿಯಲಿ? ನೀವು ಬರ್ತೀರಾ ಅಪ್ಪಾ?" ಎಂದಳು. ಆ ದನಿ ಕೇಳಿ ಪ್ರಭಾವತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಯುಧಪೂಜೆಯ ದಿನ ಬಿಸಿಲಿತ್ತು, ಐವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿಯೂ ಇತ್ತು. ನದಿಯಾಚೆ ಕೆನಡಾ ಸ್ವಚ್ಛವಾಗಿ ಕಾಣುತ್ತಿತ್ತು. ಕಲ್ಲಿನಾಥರು ರೇಷ್ಮೆ ಪಂಚೆಯ ಮೇಲೆ ದಪ್ಪನೆಯ ಪಾರ್ಕಾ ಕೋಟು ತೊಟ್ಟಿದ್ದರು. ಮಲ್ಲಪ್ಪ ತಾನೇ ಪುರೋಹಿತನೆಂದು ಘೋಷಿಸಿಕೊಂಡು, ಇಂಡಿಯನ್ ಸ್ಟೋರಿನಿಂದ ನಿಂಬೆಹಣ್ಣು, ಚೆಂಡುಹೂವು, ಬೂದುಗುಂಬಳಕಾಯಿ, ಕಾಯಿ ಎಲ್ಲ ತಂದಿದ್ದ. ಹಡಗಿನ ಮೂತಿಗೆ ವಿಭೂತಿಯ ಮೂರು ಗೆರೆ ಬಿದ್ದವು. ಡೆಕ್ಕಿನ ಕಂಬಿಗೆ ಹಾರ ಬಿತ್ತು. ಆಮೇಲೆ ಶುರುವಾಯಿತು ನೋಡಿ, ನಿಂಬೆಹಣ್ಣಿನ ಚರ್ಚೆ.

"ಗಾಲಿ ಇಲ್ಲಲ್ಲೋ ಇದಕ್ಕ, ಎಲ್ಲಿ ಇಡೂದು?" ಎಂದ ಮಲ್ಲಪ್ಪ.

"ನೀರಿಗೆ ಬಿಡು ಎರಡೂ ಕಡೆ. ನೀರೇ ಇದರ ಗಾಲಿ" ಎಂದರು ಕಲ್ಲಿನಾಥರು. ಬಿಟ್ಟರು. ನಿಂಬೆಹಣ್ಣುಗಳು ಹಡಗಿಗೆ ಬೆನ್ನು ಕೊಟ್ಟು ಹರಿವಿನ ಜೊತೆ ಟೊಲೀಡೊ ದಿಕ್ಕಿಗೆ ತೇಲಿ ಹೋದವು. ಶರಣ್ಯಾ ಬಿದ್ದು ಬಿದ್ದು ನಕ್ಕಳು. ಹಣೆಯಲ್ಲಿ ವಿಭೂತಿ, ಕೂದಲಲ್ಲಿ ಒಂದು ಚೆಂಡುಹೂವು, ಮೈಮೇಲೆ ಪೇಂಟ್ ಮೆತ್ತಿದ ಜಾಕೆಟ್ಟು. ಅವಳು ಹಾಗೆ ನಕ್ಕದ್ದನ್ನು ಕಲ್ಲಿನಾಥರು ಆಮೇಲೆ ಎಷ್ಟೋ ಸಲ ನೆನೆಸಿಕೊಂಡರು.

ಕಾಯಿ ಒಡೆಯುವ ಹೊತ್ತಿಗೆ ಶರಣ್ಯಾ ಯಾರೋ ಟಿಕೆಟ್ಟಿಗೆ ಬಂದರೆಂದು ದಂಡೆಯ ಮೇಲಿನ ಗೂಡಂಗಡಿಗೆ ಹೋದಳು. ಹೋಗುವಾಗ "ಕಾಯಿ ಡೆಕ್ ಮೇಲೆ ಮಾತ್ರ ಬೇಡ, ಓಕೆ?" ಎಂದಿದ್ದಳು. ಕಲ್ಲಿನಾಥರು ತೇಲುಗಟ್ಟೆಯ ಹಲಗೆಗೇ ಕಾಯಿ ಕುಕ್ಕಿದರು. ಮೆತ್ತನೆ ಮರ, ಕೆಳಗೆ ನೀರು. ಕಟ್ಟೆ ತೂಗಿತೇ ಹೊರತು ಕಾಯಿಗೆ ಏನೂ ಆಗಲಿಲ್ಲ. ಸುತ್ತ ನೋಡಿದರು. ಒಂದು ಕಲ್ಲಿಲ್ಲ, ಮೆಟ್ಟಿಲಿಲ್ಲ. ಅವರು ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಅಲ್ಲಿ ಖಂಡೇಪೂಜೆಯ ದಿನ ಮಷೀನಿನ ಎರಕದ ಹಾಸಿನ ಮೇಲೆಯೇ ಕಾಯಿ ಒಡೆಯುತ್ತಿದ್ದರು. ಕಬ್ಬಿಣದ್ದೇ ಪೂಜೆ, ಕಬ್ಬಿಣಕ್ಕೇ ಕಾಯಿ. ಬಾಗಿ, ನೀರಿನ ಮಟ್ಟಕ್ಕಿಂತ ಅರ್ಧ ಮೊಳ ಮೇಲೆ, ಹೊಸ ಕಪ್ಪು ಪೇಂಟು ಮಿರುಗುತ್ತಿದ್ದ ಹಡಗಿನ ಮೈಗೆ ಒಂದು ಏಟು ಕೊಟ್ಟರು.

ಕಾಯಿ ಒಡೆಯಲಿಲ್ಲ. ಸದ್ದು ಮಾತ್ರ ಬಂತು.

ಈಗ ಒಂದು ಮಾತು ಹೇಳಬೇಕು. ಕಲ್ಲಿನಾಥರು ಅಮೆರಿಕೆಗೆ ಬಂದ ಮೇಲೆ ರಿಟೈರ್ ಆಗುವ ತನಕ ಲಿವೋನಿಯಾದ ಒಂದು ಕಾರ್ಖಾನೆಯಲ್ಲಿ ಕಾರಿನ ಬಾಗಿಲು, ಬಾನೆಟ್ಟು ಒತ್ತುವ ವಿಭಾಗದ ಎಂಜಿನಿಯರ್ ಆಗಿದ್ದವರು. ತಗಡು ಎಲ್ಲಿ ತೆಳುವಾಯಿತು, ಎಲ್ಲಿ ಸೀಳಿತು ಎನ್ನುವುದು ಅವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಈ ಸದ್ದು ಕಬ್ಬಿಣದ್ದಲ್ಲ. ಠಣ್ ಅನ್ನಬೇಕಿತ್ತು, ಡಬ್ ಅಂದಿತು. ಕಲ್ಲಿನಾಥರ ಕೈ ಅಲ್ಲೇ ನಿಂತಿತು.

"ಯಾಕೋ ಕಲ್ಲಿನಾಥಾ?" ಮಲ್ಲಪ್ಪ ಗಂಟೆ ಬಾರಿಸುವುದನ್ನು ನಿಲ್ಲಿಸಿದ. "ಇಲ್ಲೀ ಪಾಸ್ತಾ, ಪಿಜ್ಜಾ ತಿಂದು ಕೈಯಾಗಿನ ಕಸುವು ಹೋತೇನೋ?"

"ರೀ, ಕಾಯಿ ಹಂಗ ಉಳಿಸಬಾರದ್ರಿ, ಅಪಶಕುನ ಆಕ್ಕೈತಿ" ಪ್ರಭಾವತಿಯ ಮುಖ ಸಣ್ಣದಾಗಿತ್ತು. ಮಕ್ಕಳ ಡಾಕ್ಟರು ಆಕೆ, ಮೂವತ್ತು ವರ್ಷ ಸೂಜಿ ಚುಚ್ಚಿದವಳು. ಆದರೂ ಒಡೆಯದ ಕಾಯಿ ಮಾತ್ರ ಆಕೆಗೆ ಆಗದು. "ನಾಡಿದ್ದು ಸರ್ವೇಯರ್ ಬರ್ತಾರ್ರಿ. ಇನ್ನೊಂದು ಏಟು ಜೋರಾಗಿ ಹಾಕ್ರಿ."

ಅಲ್ಲ, ನೀವೇ ಹೇಳಿ, ಆಗ ಏನು ಮಾಡಬೇಕಿತ್ತು? ಕಿವಿ ಬೇಡ ಅಂತಿದೆ. ಹೆಂಡತಿ, ಗೆಳೆಯ, ಗದಗಿನಲ್ಲಿ ಕಳೆದ ಬಾಲ್ಯ, ಎಲ್ಲ ಸೇರಿ ಹೊಡಿ ಅಂತಿವೆ. ಮಗಳ ಹಡಗಿನ ಮುಂದೆ ಒಡೆಯದ ಕಾಯಿ ಹಿಡಿದು ನಿಲ್ಲಲು ಅವರಿಂದಾಗಲಿಲ್ಲ. ಕಲ್ಲಿನಾಥರು ಕಾಯಿಯನ್ನು ತಲೆಯ ಮೇಲಕ್ಕೆತ್ತಿ, "ಹರ ಹರ ಮಹಾದೇವ" ಎಂದು ಇದ್ದ ಬಲವನ್ನೆಲ್ಲ ಹಾಕಿ ಹೊಡೆದರು.

ಕಾಯಿ ಕೈಯಿಂದ ಮಾಯವಾಯಿತು. ಹಡಗಿನ ಮೈಯಲ್ಲಿ ಕಾಯಿಯಷ್ಟೇ ಅಗಲದ ತೂತು ಬಿದ್ದಿತ್ತು. ಒಳಗೆ, ಎಷ್ಟು ವರ್ಷದಿಂದ ಜಿನುಗಿ ನಿಂತ ನೀರೋ, ಕಾಯಿ ಅದರಲ್ಲಿ ಧುಬುಕ್ಕನೆ ಬಿದ್ದ ಸದ್ದು ಕೇಳಿತು. ಪೇಂಟಿನ ಒಂದು ದಪ್ಪ ಹಾಳೆ ತೂತಿನ ಅಂಚಿನಿಂದ ಜೋತಾಡುತ್ತಿತ್ತು. ಅದರ ಹಿಂದೆ ಕಬ್ಬಿಣವೆಂದು ಹೇಳುವಂಥದ್ದು ಏನೂ ಇರಲಿಲ್ಲ.

ಮಲ್ಲಪ್ಪ ಗಂಟೆಯನ್ನು ಹಲಗೆಯ ಮೇಲೆ ಇಟ್ಟ. ಶರಣ್ಯಾ ಇಳಿದು ಬಂದಳು, ನಗುತ್ತಲೇ ಬಂದಳು. ಅಪ್ಪನ ಮುಖ ನೋಡಿದಳು, ಆಮೇಲೆ ತೂತು ನೋಡಿದಳು. ಅಷ್ಟರಲ್ಲಿ ನದಿಯಲ್ಲಿ ಒಂದು ಉದ್ದನೆಯ ಅದಿರಿನ ಹಡಗು ಹಾದುಹೋಯಿತು. ಅದರ ಅಲೆ ಬಂದು ಸ್ಮೆಲ್ಟ್ ತೂಗಿತು. ಒಳಗಿನಿಂದ ಕಾಯಿ ಡುಬ್, ಡುಬ್ ಎಂದು ಬಡಿಯಿತು.

"ಇಟ್ಸ್ ಓಕೆ, ಅಪ್ಪಾ" ಎಂದಳು ಶರಣ್ಯಾ. ಬೈದಿದ್ದರೆ ಚೆನ್ನಾಗಿತ್ತು. ಎರಡು ಮಾತು ಕೂಗಾಡಿದ್ದರೆ ಕಲ್ಲಿನಾಥರಿಗೆ ಉಸಿರಾಡಲು ದಾರಿಯಾಗುತ್ತಿತ್ತು. ಆಕೆ ತಲೆಯ ಹೂವು ತೆಗೆದು ಜೇಬಿಗೆ ಹಾಕಿಕೊಂಡಳು.

ಮರುದಿನ ವಿಜಯದಶಮಿ. ಊರಿನಿಂದ ತರಿಸಿದ ಒಣ ಬನ್ನಿ ಎಲೆಯ ಪೊಟ್ಟಣ ಮನೆಯಲ್ಲಿ ಬಿಚ್ಚದೆ ಉಳಿಯಿತು. ಕಲ್ಲಿನಾಥರು ಬೆಳಿಗ್ಗೆಯೇ ಸೀಮೆಸುಣ್ಣ, ಸಣ್ಣ ಸುತ್ತಿಗೆ ತೆಗೆದುಕೊಂಡು ದಂಡೆಗೆ ಹೋದರು. ಒಂದು ತೇಪೆ ಹಾಕಿದರಾಯಿತು, ಬೆಸುಗೆಯವನು ಗೊತ್ತಿದ್ದಾನೆ, ಬೈಗಾಗುವುದರೊಳಗೆ ಮುಗಿಸಬಹುದು ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಬೆಸುಗೆ ಹಿಡಿಯಬೇಕಾದರೆ ಸುತ್ತ ಗಟ್ಟಿ ತಗಡು ಬೇಕು. ಗಟ್ಟಿ ಎಲ್ಲಿಂದ ಶುರು ಎಂದು ಹುಡುಕಲು ಅವರು ಶರಣ್ಯಾ ಪೇಂಟ್ ಬಳಿಯಲು ಇಟ್ಟುಕೊಂಡಿದ್ದ ಪುಟ್ಟ ಡೋಣಿಯಲ್ಲಿ ಕೂತು, ತೂತಿನ ಸುತ್ತ ಮೆಲ್ಲಗೆ ಬಡಿಯುತ್ತ ಬಂದರು. ಡಬ್ ಎಂದರೆ ಇನ್ನೂ ಆಚೆ. ಠಣ್ ಎಂದಲ್ಲಿ ಸೀಮೆಸುಣ್ಣದ ಗೆರೆ.

ಮೊದಲ ವರ್ತುಲ ತಟ್ಟೆಯಷ್ಟಿತ್ತು. ಅದರಾಚೆ ಬಡಿದರೆ ಡಬ್. ಅದನ್ನು ಅಳಿಸಿ ಬಾಗಿಲಿನಷ್ಟು ಮಾಡಿದರು. ಅದರಾಚೆಯೂ ಡಬ್. ಅಳಿಸಿದರು, ಬರೆದರು, ಅಳಿಸಿದರು. ಮಧ್ಯಾಹ್ನದ ಹೊತ್ತಿಗೆ ಗೆರೆ ಹಡಗಿನ ಮೂತಿಯಿಂದ ಹೊರಟು ಬಾಲದವರೆಗೆ ಹೋಗಿತ್ತು. ನೀರು, ಗಾಳಿ ಎರಡೂ ತಾಗುವ ಆ ಪಟ್ಟಿಯುದ್ದಕ್ಕೂ ಸ್ಮೆಲ್ಟ್ ನಿಂತಿದ್ದು ಪೇಂಟಿನ ಮೇಲೆ. ಕಲ್ಲಿನಾಥರು ಸೀಮೆಸುಣ್ಣವನ್ನು ನೀರಿಗೆಸೆದು, ಮಂಡಿಯ ಮೇಲೆ ಕೈಯಿಟ್ಟು ಕೂತರು.

ಶರಣ್ಯಾ ತೇಲುಗಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ನೋಡುತ್ತಿದ್ದಳು.

"ಬೆಸುಗಿ ಹಿಡಿಯೂದಿಲ್ಲವ್ವಾ" ಎಂದರು.

"ಐ ನೋ, ಅಪ್ಪಾ."

"ನಿನಗ ಗೊತ್ತಿತ್ತ?"

"ಎರಡು ವರ್ಷದಿಂದ. ವಾಲ್ಟ್‌ಗೂ ಗೊತ್ತು. ಅದಕ್ಕೇ ಅಲ್ಲಿ ಅಷ್ಟು ಪೇಂಟ್ ಹಾಕಿದ್ದು." ಆಕೆ ಕನ್ನಡದಲ್ಲೇ ಮಾತಾಡಿದಳು, ಶಬ್ದ ಹುಡುಕಿ ಹುಡುಕಿ. "ಸರ್ವೇಯರ್ ಕೆಲವು ಜಾಗದಲ್ಲಿ ಮಾತ್ರ ತಗಡಿನ ದಪ್ಪ ಅಳೀತಾರೆ, ಯೂಶ್ವಲೀ. ಅಲ್ಲಿ ಸರಿ ಇದೆ. ಗಾಳಿ ಇಲ್ಲದ ದಿನ ನೋಡಿ, ನಿಧಾನ ಎಳೆದ್ರೆ, ಒಂದೇ ಒಂದು ಸಲ, ಡ್ರೈ ಡಾಕ್ ತನಕ. ಒಂದೇ ಸಲ ಹೋಗಿಬಿಟ್ಟಿದ್ರೆ ಸಾಕಿತ್ತು."

"ನಡು ದಾರ್ಯಾಗ ಮುಳುಗಿದ್ರ?"

ಶರಣ್ಯಾ ಇಳಿಬಿಟ್ಟ ಕಾಲು ಮೇಲೆಳೆದುಕೊಂಡಳು. ಎಳೆಯುವಾಗ ಮೇಲೆ ಇಬ್ಬರು ಮೂವರು ನಿಂತಿರಬೇಕಾಗುತ್ತದೆ, ಅವರಲ್ಲಿ ಶರಣ್ಯಾಳೂ ಒಬ್ಬಳಾಗಿರುತ್ತಿದ್ದಳು ಎಂದು ಅವರಿಬ್ಬರಿಗೂ ಗೊತ್ತಿತ್ತು. ಕಲ್ಲಿನಾಥರಿಗೆ ತಮ್ಮ ಏಟು ಮಗಳನ್ನು ಉಳಿಸಿತೋ ಕೆಡಿಸಿತೋ ಎಂದು ಲೆಕ್ಕ ಹತ್ತಲಿಲ್ಲ. ಹತ್ತಿದ್ದರೂ ಅದರಿಂದ ಏನಾಗುತ್ತಿತ್ತು?

"ಇಷ್ಟು ಗೊತ್ತಿದ್ದೂ ಪೂಜಿ ಯಾಕ ಮಾಡಗೊಟ್ಟಿ ನನಗ?" ಅವರ ದನಿಯಲ್ಲಿ ಸಿಟ್ಟಿತ್ತು, ಅದು ಯಾರ ಮೇಲೋ ಅವರಿಗೇ ತಿಳಿಯದು. "ಬ್ಯಾಡ ಅನ್ನಬೇಕಿತ್ತಿಲ್ಲೋ? ಅಪ್ಪಾ, ಆ ಕಡೆ ಮುಟ್ಟಬ್ಯಾಡ ಅಂತ ಒಂದು ಮಾತು?"

"ನೀವಾಗೇ ಮೊದಲನೇ ಸಲ ಬರ್ತೀನಿ ಅಂದ್ರಿ" ಎಂದಳು ಶರಣ್ಯಾ. "ಹೌ ಕುಡ್ ಐ ಸೇ ನೋ?"

ಕಲ್ಲಿನಾಥರಿಗೆ ಮೊದಲ ಏಟಿನ ಸದ್ದಿನ ಮಾತು ನಾಲಿಗೆಯ ತುದಿಗೆ ಬಂತು. ನನಗೂ ತಿಳಿದಿತ್ತು ಕೂಸೇ, ಕೇಳಿಸಿತ್ತು, ಆದರೂ ಹೊಡೆದೆ ಎಂದು ಹೇಳಬೇಕೆನಿಸಿತು. ಹೇಳಲಾಗಲಿಲ್ಲ. ಒಳಗೆ ಕಾಯಿ ಡುಬ್ ಎಂದಿತು. ತೂತಿನೊಳಗೆ ಕೈ ಹಾಕಿ ಅದನ್ನು ಹಿಡಿಯಲು ನೋಡಿದರು. ಬೆರಳಿಗೆ ತಾಗುತ್ತಿತ್ತು, ತಾಗಿ ಜಾರುತ್ತಿತ್ತು.

ಮರುದಿನ ಬಂದ ಸರ್ವೇಯರ್ ಒಬ್ಬ ಹೆಂಗಸು, ಒಳ್ಳೆಯ ಹೆಂಗಸು. ಹೊಗಳಿಕೆಯ ಎರಡು ಮಾತಾಡಿಯೇ ಒಳಗೆ ಬಂದಳು. ತೂತಿನ ಮುಂದೆ ನಿಂತು, "ಇದೇನಾಯಿತು?" ಎಂದು ಕೇಳಿದಳು. ಶರಣ್ಯಾ ಅಪ್ಪನ ಕಡೆ ನೋಡದೆ, "ಏನೋ ಬಡಿಯಿತು" ಎಂದಳು. ಆ ಹೆಂಗಸು ನಿಟ್ಟುಸಿರಿಟ್ಟಳು. ಇಂಥದ್ದು ಕಣ್ಣಿಗೆ ಬಿದ್ದ ಮೇಲೆ ಕೆಲವೇ ಜಾಗ ಅಳೆದು ಹೋಗಲು ಬರುವುದಿಲ್ಲ, ಕ್ಷಮಿಸಿ ಎಂದಳು. ಮೂತಿಯಿಂದ ಬಾಲದವರೆಗೆ ಗೇಣು ಗೇಣು ಅಳೆದಳು. ಕಲ್ಲಿನಾಥರ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ, ಆಕೆಯ ಯಂತ್ರ ಅದೇ ಗೆರೆಯ ಮೇಲೆ ನಡೆಯಿತು. ಗಟ್ಟಿಯಿಲ್ಲ ಎಂದು ಬರೆದು, ಅಂಗೈ ಒತ್ತಿ ಶರಣ್ಯಾಳ ಕೈ ಕುಲುಕಿ ಹೋದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಕಾರಣವಿರಲಿಲ್ಲ.

ನವೆಂಬರಿನಲ್ಲಿ ಗುಜರಿಯವರ ತೆಪ್ಪ ಬಂತು. ಎಳೆದುಕೊಂಡು ಹೋಗುವ ಹಾಗಿಲ್ಲವಲ್ಲ, ನಿಂತಲ್ಲೇ ಕತ್ತರಿಸಿದರು. ಕ್ರೇನು ಒಂದೊಂದೇ ತುಂಡು ಎತ್ತಿತು. ಕಲ್ಲಿನಾಥರು ನಿತ್ಯ ಹೋಗಿ ಬೇಲಿಯ ಈಚೆ ನಿಲ್ಲುತ್ತಿದ್ದರು. ನಿಲ್ಲುವುದೊಂದೇ ಅವರಿಗೆ ಉಳಿದ ಕೆಲಸ. ಶರಣ್ಯಾ ಪಕ್ಕದಲ್ಲಿರುತ್ತಿದ್ದಳು, ಅವಳ ಪಕ್ಕ ವಾಲ್ಟ್. ಆಳ ತೋರಿಸುವ ಆ ಮುಳ್ಳಿನ ಗಡಿಯಾರವನ್ನು ಶರಣ್ಯಾ ಬಿಚ್ಚಿ ಅವನಿಗೆ ಕೊಟ್ಟಿದ್ದಳು. ಮುದುಕ ಅದನ್ನು ಕೋಟಿನೊಳಗೆ ಇಟ್ಟುಕೊಂಡು ನಡುಗುತ್ತ ನಿಲ್ಲುತ್ತಿದ್ದ.

ಪೂಜೆ ಮಾಡಿದ ಬದಿಯ ತುಂಡು ಎತ್ತಿದಾಗ ಒಳಗಿನ ನೀರು ಭರ್ರನೆ ಸುರಿಯಿತು. ಅದರ ಜೊತೆ ಕಾಯಿಯೂ ತೆಪ್ಪದ ಮೇಲೆ ಬಿದ್ದು ಉರುಳಿತು. ಕತ್ತರಿಸುವವನು ಅದನ್ನು ಎತ್ತಿ, ಇದೆಲ್ಲಿಂದ ಬಂತಪ್ಪಾ ಎಂಬಂತೆ ಜೊತೆಯವನಿಗೆ ತೋರಿಸಿ ನಕ್ಕ. ಕಾಯಿಗೆ ಒಂದು ಬಿರುಕೂ ಬಿದ್ದಿರಲಿಲ್ಲ.

"ಯೂ ಗಾಟ್ ಹರ್, ಅಪ್ಪಾ" ಎಂದಳು ಶರಣ್ಯಾ, ಮೆಲ್ಲಗೆ. ಸರಿಯಾಗಿ ಹೊಡೆದೆ ಎಂಬ ಹಳೆಯ ನಾವಿಕರ ಮಾತು, ಆಡಿದ್ದು ತಮಾಷೆಗೆ. ಕಲ್ಲಿನಾಥರು ಮುಖ ತಿರುಗಿಸಿಕೊಂಡು, ಚಳಿಗೆ ಕಣ್ಣಲ್ಲಿ ನೀರು ಬರುತ್ತದೆ ನೋಡು ಎಂದರು.

ಆಮೇಲಿನದು ಸುಲಭವಾಗಿ ಆಗಿಹೋಯಿತು. ಸುದೀಪ್ ಕೇಳಿದ, ಶರಣ್ಯಾ ಹೂಂ ಅಂದಳು. ಓಕ್ ಬ್ರೂಕಿನಲ್ಲಿ ಕೆಲಸ, ಹತ್ತಿರದ ಬೋಲಿಂಗ್‌ಬ್ರೂಕಿನಲ್ಲಿ ಬಾಡಿಗೆಯ ಟೌನ್‌ಹೌಸು. ಪಾಟ್‌ಲಕ್ಕಿನಲ್ಲಿ ಎಲ್ಲರೂ "ಕಂಗ್ರಾಟ್ಸ್ ರೀ ಕಲ್ಲಿನಾಥ ಅವರ, ಕಡೀಗೂ ಹುಡುಗಿ ದಾರಿಗೆ ಬಂದ್ಲು" ಎಂದು ಕೈ ಕುಲುಕಿದರು. ಅವರು ಥ್ಯಾಂಕ್ಸ್ ಎಂದರು. ಬೇರೇನು ಹೇಳುವುದು? ವರ್ಷಗಟ್ಟಲೆ ದಿನಾ ಬೇಡಿದ್ದು ಇದನ್ನೇ. ಒಂದೇ ಒಂದು ದಿನ ಉಲ್ಟಾ ಬೇಡಿದ್ದರು. ಶಿವ ಹಳೆಯದನ್ನೇ ನಡೆಸಿಕೊಟ್ಟ. ವಿಭೂತಿ ಎಳೆದುಕೊಳ್ಳುವಾಗ ಈಗ ಏನು ಕೇಳಬೇಕೆಂದು ಅವರಿಗೆ ತೋಚುತ್ತಿರಲಿಲ್ಲ, ಕೈ ಮುಗಿದು ಎದ್ದುಬಿಡುತ್ತಿದ್ದರು.

ಜನವರಿಯಲ್ಲಿ ಮೂವರೂ ಬಾಡಿಗೆ ವ್ಯಾನು ತುಂಬಿಕೊಂಡು ಡ್ರೈವ್ ಮಾಡಿಕೊಂಡು ಹೋದರು. ದಾರಿಯುದ್ದಕ್ಕೂ ಶರಣ್ಯಾ ಹೊಸ ಕೆಲಸದ ಬಗ್ಗೆ ಚೆನ್ನಾಗಿಯೇ ಮಾತಾಡಿದಳು: ಕ್ಯಾಂಟೀನ್ ಇದೆ, ಜಿಮ್ ಇದೆ, ಪಾರ್ಕಿಂಗ್ ಒಳಗೇ ಇದೆ. ಅವಳ ಉಗುರಿನ ಸಂದಿಯಲ್ಲಿ ಸದಾ ಇರುತ್ತಿದ್ದ ಕಪ್ಪು ಪೇಂಟು ಈಗ ಇರಲಿಲ್ಲ. ಕಲ್ಲಿನಾಥರು ಅದನ್ನು ನೋಡಿ ರಸ್ತೆಯ ಕಡೆ ಕಣ್ಣು ತಿರುಗಿಸಿದರು.

ಬೋಲಿಂಗ್‌ಬ್ರೂಕಿನ ಆ ಮನೆಗಳೆಲ್ಲ ಒಂದೇ ಅಚ್ಚಿನವು, ಒಂದೇ ಬೂದು ಬಣ್ಣದವು. ಬಾಗಿಲ ಮುಂದೆ ಕಾಂಕ್ರೀಟಿನ ಒಂದು ಮೆಟ್ಟಿಲು, ಮೇಲೆ ಹಿಮ. ಪ್ರಭಾವತಿ ಹಾಲುಕ್ಕಿಸಲು ಪಾತ್ರೆ, ಅರಿಷಿಣ ಕುಂಕುಮ ಎಲ್ಲ ಕೈಚೀಲದಿಂದ ತೆಗೆದಳು. ಒಳಗೆ ಒಲೆಯ ಮೇಲೆ ಹಾಲಿಟ್ಟು ಬಂದು, ಕೊನೆಗೆ ಒಂದು ತೆಂಗಿನಕಾಯಿ ತೆಗೆದು, ಗಂಡನ ಕಡೆ ನೋಡದೆ, ಅವರ ಕೈಗೆ ಕೊಟ್ಟಳು.

"ಹೊಸಲಿಗೆ ಒಡೀರಿ" ಎಂದಳು.

ಕಲ್ಲಿನಾಥರು ಕಾಯಿ ಹಿಡಿದು ಮೆಟ್ಟಿಲ ಮುಂದೆ ನಿಂತರು. ಹಿಮ ಒರೆಸಿದರು. ಕೂತರು. ಕಾಯಿ ಎತ್ತಿದರು, ಇಳಿಸಿದರು. ಇನ್ನೊಮ್ಮೆ ಎತ್ತಿದರು, ಕೈ ಮೇಲಿಂದ ಕೆಳಗೆ ಬರಲೊಲ್ಲದು. ಪಕ್ಕದ ಮನೆಯವರು ಕಾರು ಬಿಸಿ ಮಾಡುತ್ತ ಈ ಕಡೆ ನೋಡುತ್ತಿದ್ದರು. ಕೊನೆಗೆ ಕಲ್ಲಿನಾಥರು ಕಾಯಿಯನ್ನು ಪಕ್ಕಕ್ಕಿಟ್ಟು, ಕೈಗವಸು ತೆಗೆದು, ಬಾಗಿ, ಬೆರಳ ಗಂಟಿನಿಂದ ಕಾಂಕ್ರೀಟನ್ನು ತಟ್ಟಿ ಕಿವಿ ಕೊಟ್ಟರು. ಇಲ್ಲಿ ತಟ್ಟಿದರು, ಸ್ವಲ್ಪ ಆಚೆ ತಟ್ಟಿದರು, ಅದರಾಚೆ ತಟ್ಟಿದರು.

ಶರಣ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು.

"ಅಪ್ಪಾ" ಎಂದಳು, "ಆ ದಿನ ತೂತಾಗೋ ಮೊದಲೇ ನಿಮಗೆ ಆ ಸದ್ದು ಕೇಳಿಸಿತ್ತು."

ಕಲ್ಲಿನಾಥರು ತಲೆ ಎತ್ತಲಿಲ್ಲ. ಕೆಂಪಾದ ಬೆರಳಿಂದ ಮೆಟ್ಟಿಲನ್ನು ಇನ್ನೂ ತಟ್ಟುತ್ತಲೇ ಇದ್ದರು. ಶರಣ್ಯಾ ಇಳಿದು ಬಂದು ಹಿಮದಲ್ಲೇ ಅವರೆದುರು ಕೂತು, ಆ ಕೈ ಹಿಡಿದು ನಿಲ್ಲಿಸಿದಳು. ಹಿಡಿದುಕೊಂಡೇ ಅಳತೊಡಗಿದಳು. ಅಕ್ಟೋಬರಿನಿಂದ ಈವರೆಗೆ ಒಂದು ಹನಿ ಹಾಕದಿದ್ದವಳು ಬಾಯ್ಬಿಟ್ಟು, ಸಣ್ಣ ಮಗುವಿನ ಹಾಗೆ ಅತ್ತಳು. ಕಲ್ಲಿನಾಥರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಾಯಿ ಮೆಟ್ಟಿಲ ಮೇಲೆ ಹಾಗೆಯೇ ಇತ್ತು, ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಹೋಗುತ್ತಿತ್ತು, ಪ್ರಭಾವತಿಯೂ ಒಳಗೆ ಹೋಗಲಿಲ್ಲ.